ಸರ್ಪಸುತ್ತು: ಮೊದಲ ಮೂರು ದಿನ ಕಳೆದುಕೊಳ್ಳಬೇಡಿ

ಪಕ್ಕೆಯ ಒಂದೇ ಕಡೆ ಉರಿ. ಮುಟ್ಟಿದರೆ ಚುರ್ರೆನ್ನುತ್ತದೆ, ಸೆರಗು ಸೋಕಿದರೂ ಜೀವ ಹೋದಂತಾಗುತ್ತದೆ. ಆದರೆ ಮೈಮೇಲೆ ಏನೂ ಕಾಣುವುದಿಲ್ಲ. ಗ್ಯಾಸ್ ಇರಬೇಕೆಂದು ಒಬ್ಬರು ಜೀರಿಗೆ ಕಷಾಯ ಕೊಡುತ್ತಾರೆ, ಉಳುಕಿರಬೇಕೆಂದು ಇನ್ನೊಬ್ಬರು ಎಣ್ಣೆ ತಿಕ್ಕುತ್ತಾರೆ. ನೋವು ಎದೆಯಲ್ಲಿದ್ದರೆ ಇಸಿಜಿಯೂ ಆಗುತ್ತದೆ, ಅದು ಆಗಲೇಬೇಕಾದದ್ದು. ಎರಡು ಮೂರು ದಿನಕ್ಕೆ ಅದೇ ಜಾಗದಲ್ಲಿ ಚರ್ಮ ಕೆಂಪಾಗಿ, ನೀರು ತುಂಬಿದ ಸಣ್ಣ ಗುಳ್ಳೆಗಳು ಗೊಂಚಲು ಗೊಂಚಲಾಗಿ ಏಳುತ್ತವೆ. ಬೆನ್ನಿನಿಂದ ಹೊರಟು ಪಕ್ಕೆ ಬಳಸಿ ಹೊಟ್ಟೆಯ ಕಡೆಗೆ ಪಟ್ಟಿಯಾಗಿ ಬರುತ್ತವೆ. ಮನೆಯ ಹಿರಿಯರು ಒಂದೇ ನೋಟಕ್ಕೆ ಹೇಳಿಬಿಡುತ್ತಾರೆ: ಸರ್ಪಸುತ್ತು.

ಹಿರಿಯರ ಗುರುತು ಬಹುಪಾಲು ಸರಿಯಾಗಿಯೇ ಇರುತ್ತದೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕೆಮ್ಮಣ್ಣು ಕಲಸಿ ಹಚ್ಚುವುದು, ಮಂತ್ರ ಹಾಕುವವರನ್ನು ಹುಡುಕಿಕೊಂಡು ಪಕ್ಕದೂರಿಗೆ ಹೋಗುವುದು, ಅವರು ಹೇಳಿದ ವಾರಕ್ಕೆ ಕಾಯುವುದು, ಸರ್ಪದೋಷವೇನೋ ಎಂದು ಜಾತಕ ತೆಗೆಸುವುದು. ಹರಕೆ, ಪೂಜೆಗಳ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಈ ಓಡಾಟದಲ್ಲಿ ಕಳೆದುಹೋಗುವ ದಿನಗಳ ಬಗ್ಗೆ. ಈ ಕಾಯಿಲೆಗೆ ಏಸೈಕ್ಲೊವಿರ್, ವಾಲಸೈಕ್ಲೊವಿರ್ ಎಂಬ ಮಾತ್ರೆಗಳಿವೆ. ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದರೆ ಅವುಗಳ ಗುಣ ಹೆಚ್ಚು. ಮಂತ್ರದ ಮೊದಲ ಸರದಿ ಮುಗಿಯುವಷ್ಟರಲ್ಲಿ ಆ ಗಡುವು ದಾಟಿರುತ್ತದೆ.

ಬಾಲ್ಯದಲ್ಲಿ ‘ಅಮ್ಮ’ ಬಂದಿತ್ತಲ್ಲ, ಆ ಚಿಕನ್ ಪಾಕ್ಸ್‌ನ ವೈರಾಣುವೇ ಇದಕ್ಕೂ ಕಾರಣ. ಹುಣ್ಣು ಒಣಗಿದರೂ ಅದು ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಅಡಗಿ ಕೂರುತ್ತದೆ. ವಯಸ್ಸಾದಂತೆ, ಅಥವಾ ಕ್ಯಾನ್ಸರ್ ಚಿಕಿತ್ಸೆ, ಸ್ಟೀರಾಯ್ಡ್, ಎಚ್‌ಐವಿ ಮುಂತಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಂದು ನರ ಹಿಡಿದು ಹೊರಬರುತ್ತದೆ. ಸಕ್ಕರೆ ಕಾಯಿಲೆಯವರಿಗೂ ಅಪಾಯ ಹೆಚ್ಚು. ಎಡ ನರದ ಸೀಮೆ ಎಡಕ್ಕೇ ಮುಗಿಯುತ್ತದೆ. ಹಾಗಾಗಿಯೇ ಗುಳ್ಳೆಗಳು ಸಾಮಾನ್ಯವಾಗಿ ಮೈಯ ನಡುಗೆರೆ ದಾಟುವುದಿಲ್ಲ. ಸುತ್ತು ಪೂರ್ತಿಯಾಗಿ ಸರ್ಪದ ತಲೆಗೆ ಬಾಲ ಕೂಡಿದರೆ ಸಾವು ಎಂಬ ಭಯದಲ್ಲಿ ಎಷ್ಟೋ ಹಿರಿಯ ಜೀವಗಳು ರಾತ್ರಿಯಿಡೀ ಹೊಟ್ಟೆ ಸವರಿಕೊಂಡು ಕೂರುತ್ತವೆ. ಆ ಭಯ ಬೇಡ. ಆದರೆ ಗುಳ್ಳೆ ಎರಡೂ ಕಡೆ ಎದ್ದರೆ, ಮೈತುಂಬ ಹರಡಿದರೆ, ನಿರೋಧಕ ಶಕ್ತಿ ತೀರಾ ಕುಸಿದಿರಬಹುದು. ಆಗ ದೊಡ್ಡ ಆಸ್ಪತ್ರೆಗೆ ತಡಮಾಡದೆ ಹೋಗಲೇಬೇಕು.

‘ನಮ್ಮ ಮಾವನಿಗೆ ಮಂತ್ರದಿಂದಲೇ ವಾಸಿಯಾಯಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಗುಳ್ಳೆಗಳು ಏನೂ ಮಾಡದಿದ್ದರೂ ಎರಡರಿಂದ ನಾಲ್ಕು ವಾರದಲ್ಲಿ ಒಣಗಿ ಹಕ್ಕಳೆ ಉದುರುತ್ತದೆ. ಆ ಹೊತ್ತಿಗೆ ಯಾರು ಮದ್ದು ಕೊಟ್ಟಿದ್ದರೋ ಅವರಿಗೆ ಕೀರ್ತಿ. ಚರ್ಮ ವಾಸಿಯಾದ ಮೇಲೂ ನರ ಉರಿಯುತ್ತಲೇ ಇರುವ ಮಾವನ ಕತೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಆ ನೋವು ಉಳಿಯುತ್ತದೆ. ವಯಸ್ಸು ಹೆಚ್ಚಿದಷ್ಟೂ ಅದರ ಸಾಧ್ಯತೆ ಹೆಚ್ಚು. ಅದಕ್ಕೆ ಬೇರೆಯೇ ಔಷಧಗಳಿವೆ, ಸಹಿಸಿಕೊಂಡು ಕೂರಬೇಕಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಮುಖದ ಸರ್ಪಸುತ್ತು. ಹಣೆಯ ಒಂದು ಪಕ್ಕದಲ್ಲಿ ಗುಳ್ಳೆ, ರೆಪ್ಪೆ ಊದಿ ಕಣ್ಣು ಮುಚ್ಚಿದೆ, ಮೂಗಿನ ತುದಿಯಲ್ಲೂ ಒಂದೆರಡು ಎದ್ದಿವೆ. ಆ ಮೂಗಿನ ತುದಿಯ ಗುಳ್ಳೆ ಸಣ್ಣದೆಂದು ಬಿಡಬೇಡಿ. ಮೂಗಿನ ತುದಿಗೆ ಹೋಗುವ ನರದ ಕವಲೇ ಕಣ್ಣಿನ ಒಳಕ್ಕೂ ಹೋಗುತ್ತದೆ. ಕರಿಗುಡ್ಡೆಯ ಮೇಲೆ ಹುಣ್ಣಾದರೆ ದೃಷ್ಟಿಯೇ ಹೋಗಬಹುದು. ಮೂಗಿನ ತುದಿಯಲ್ಲಿ ಗುಳ್ಳೆ ಇಲ್ಲದಿದ್ದರೂ ಕಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ ಅಂದೇ ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ಕಿವಿಯ ಸುತ್ತ ಗುಳ್ಳೆ ಎದ್ದು ಬಾಯಿ ಸೊಟ್ಟಗಾದರೆ, ತಲೆ ಸುತ್ತಿದರೆ, ಕಿವಿ ಮಂದವಾದರೆ ಅದೂ ಅಷ್ಟೇ ತುರ್ತು. ಜ್ವರದ ಜೊತೆ ವಿಪರೀತ ತಲೆನೋವು, ಮಾತು ತೊದಲುವುದು, ಗೊಂದಲ ಕಂಡರೆ ಬೆಳಗಾಗುವವರೆಗೂ ಕಾಯಬಾರದು.

ಮೆಡಿಕಲ್ ಸ್ಟೋರಿನಲ್ಲಿ ಮುಲಾಮು ಕೊಂಡು ಹಚ್ಚಿ ಸುಮ್ಮನಾಗುವವರಿಗೂ ಒಂದು ಮಾತು: ಔಷಧ ಒಳಗೆ ನರಕ್ಕೆ ತಲುಪಬೇಕು, ಮೇಲೆ ಸವರಿದರೆ ಸಾಲದು. ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರೆಯ ಪ್ರಮಾಣ ತಗ್ಗಿಸಬೇಕಾಗುತ್ತದೆ, ಆದ್ದರಿಂದ ಡಾಕ್ಟರೇ ಬರೆದುಕೊಡಲಿ. ಮೂರು ದಿನ ದಾಟಿತೆಂದು ಕೈಚೆಲ್ಲುವುದೂ ಬೇಡ. ಹೊಸ ಗುಳ್ಳೆ ಏಳುತ್ತಿದ್ದರೆ ಆಗಲೂ ಚಿಕಿತ್ಸೆಯಿಂದ ಪ್ರಯೋಜನವಿದೆ. ಸ್ನಾನ ನಿಲ್ಲಿಸಬೇಕಿಲ್ಲ. ಗುಳ್ಳೆ ಒಣಗುವವರೆಗೆ ಬಟ್ಟೆಯಲ್ಲಿ ಮುಚ್ಚಿಕೊಂಡಿರಿ. ಚಿಕನ್ ಪಾಕ್ಸ್ ಬಾರದ ಗರ್ಭಿಣಿಯರು ಮತ್ತು ಹಸುಗೂಸುಗಳಿಂದ ದೂರವಿರಿ. ಗುಳ್ಳೆಯ ನೀರಿನಿಂದ ಅವರಿಗೆ ಚಿಕನ್ ಪಾಕ್ಸ್ ಅಂಟಬಹುದು.

ತಡೆಯಲು ಲಸಿಕೆಯೂ ಇದೆ. 50 ದಾಟಿದವರಿಗಾಗಿ ಎರಡು ಡೋಸಿನ ಶಿಂಗ್ರಿಕ್ಸ್ 2023ರಲ್ಲಿ ಭಾರತಕ್ಕೆ ಬಂತು. ಬೆಲೆ ಮಾತ್ರ ಕೂಲಿಯವರಿರಲಿ, ಪಿಂಚಣಿದಾರರೂ ಹಿಂಜರಿಯುವಂತಿದೆ. ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ, ಕ್ಯಾನ್ಸರ್ ರೋಗಿಗಳಿಗಾದರೂ ಸರ್ಕಾರ ಇದನ್ನು ಕೊಡಿಸಬೇಕು. ಅದಕ್ಕೂ ಮೊದಲು, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಏಸೈಕ್ಲೊವಿರ್ ಮಾತ್ರೆ ಸದಾ ಇರುವಂತೆ ನೋಡಿಕೊಳ್ಳಬೇಕು.

ಊರೂರಿನಲ್ಲಿ ಸರ್ಪಸುತ್ತಿಗೆ ಮದ್ದು ಹಾಕುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಈ ಕಾಯಿಲೆಯವರು ಡಾಕ್ಟರಿಗಿಂತ ಮೊದಲು ಬರುವುದು ನಿಮ್ಮ ಬಾಗಿಲಿಗೆ. ನಿಮ್ಮ ಮಾತನ್ನು ಅವರು ನಂಬುತ್ತಾರೆ. ಬಂದವರನ್ನು ಅದೇ ದಿನ ಆಸ್ಪತ್ರೆಗೆ ಕಳಿಸಿ, ಗುಳ್ಳೆ ಮುಖದ ಮೇಲಿದ್ದರೆ ಯಾವ ಲೇಪವನ್ನೂ ಹಚ್ಚದೆ ಕಳಿಸಿ.