ಮನೆ ಕಟ್ಟುವ ಆಟ

ಗಾಣಗಾಪುರದ ಬಳಿ ಅಮರಜೆಯು ಭೀಮೆಯನ್ನು ಕೂಡುವ ಸಂಗಮದಲ್ಲಿ, ಹಸಿ ಮರಳನ್ನು ಪಾದದ ಮೇಲೆ ತಟ್ಟಿ ಗುಬ್ಬಿಗೂಡು ಕಟ್ಟುವ ಬಾಲಿಕೆಗೆ, ಮರಳು ಎಷ್ಟು ತೇವವಿದ್ದರೆ ಕಮಾನು ನಿಲ್ಲುವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನನ್ನು ಮಾಡುವವಳೂ, ಅಂಗಳದಲ್ಲಿ ಚುಕ್ಕಿಯೆಣಿಸಿ ರಂಗವಲ್ಲಿಯಿಕ್ಕುವವಳೂ ಅವಳೇ. ಇಷ್ಟಾದ ಮೇಲೂ ವಾಸ್ತುಶಿಲ್ಪವು ಗಂಡಸರ ವಿದ್ಯೆಯೆಂಬ ವಿದ್ಯಾವಂತರ ಮಾತಿಗೆ ಆಧಾರವೇನು? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯಲ್ಲಿ ಹೆಣ್ಣಿನ ಪಾಲಿಗೆ ಎರಡನೆಯದನ್ನಷ್ಟೇ ಉಳಿಸಿದವರಾರು?

ಪರರ ಮನೆಗೆ ಹೋಗುವವಳಿಗೆ ಈ ವಿದ್ಯೆಯೇಕೆಂದು ಆಕ್ಷೇಪಿಸುವರು. ಅಡಿಗೆಮನೆಯ ಹೊಗೆ ಕುಡಿಯುವವಳು ಅವಳು. ಅದಕ್ಕೆ ಕಿಟಕಿಯೆಲ್ಲಿರಬೇಕೆಂದು ನಿಶ್ಚಯಿಸುವವನೋ ಒಂದು ದಿನವೂ ಒಲೆಯೂದದವನು! ಪೇರಿನ್ ಮಿಸ್ತ್ರಿಯವರು ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ 1936ರಲ್ಲಿಯೇ ವಾಸ್ತುಶಿಲ್ಪದ ಡಿಪ್ಲೊಮಾ ಪಡೆದರು. ಬೆಂಗಳೂರಿನ ಚಿತ್ರಾ ವಿಶ್ವನಾಥ್ ಅವರು ಮಣ್ಣಿನ ಮನೆಗಳಿಂದಲೇ ಹೆಸರಾದರು. ಗುಳ್ಳವ್ವನೂ ಮಣ್ಣಿನವಳೇ ತಾನೆ!

ತಂದೆತಾಯಿಗಳು ಮಗಳ ಮರಳಾಟವನ್ನು ಗದರಿ ನಿಲ್ಲಿಸುವ ಬದಲು ಅವಳ ಕೈಗೊಂದು ಅಳತೆಯ ದಾರ ಕೊಡಲಿ. ಕಲಬುರ್ಗಿಯ ಕೋಟೆಗೆ ಕರೆದೊಯ್ದು, ಒಳಗೆ ಬಯಲಂಗಳವೇ ಇಲ್ಲದೆ ಇಡಿಯಾಗಿ ಛಾವಣಿ ಹೊದ್ದ 1367ರ ಜಾಮಿ ಮಸೀದಿಯ ಕಮಾನುಗಳಡಿ ನಿಲ್ಲಿಸಿ, ಇಷ್ಟು ಭಾರವು ಬೀಳದೆ ನಿಂತದ್ದು ಹೇಗೆಂದು ಕೇಳಲಿ. ಮರುದಿನ ಅವಳು ಮರಳಿನಲ್ಲಿ ಏನು ಕಟ್ಟುವಳೆಂದು ಕಾದು ನೋಡಲಿ.