ಇಳಿಯುವಷ್ಟೇ ಏರಿಸೋಣ



ಮನೆಯಲ್ಲಿ ಮೀನು ಸಾಕುವವರಿಗಾಗಿ ಈ ಸಲದ ಮಾತು. ಒಂದು ಭಾನುವಾರ ಸಂಜೆ ನಾವು ನೆಂಟರ ಮನೆಯಿಂದ ಬಂದು ಬಾಗಿಲು ತೆರೆದರೆ ಹಾಲ್ ತುಂಬ ನೀರು! ಗಾಜಿನ ತೊಟ್ಟಿಯ ಅಂಚಿನಿಂದ ಇಳಿದ ನೀರು ಪ್ಲಗ್ಗಿನ ಹತ್ತಿರಕ್ಕೇ ಹರಿದಿತ್ತು. ಮೊದಲು ಮೇನ್ ಸ್ವಿಚ್ ಆಫ್ ಮಾಡಿದೆವು. ಸದ್ಯ, ಯಾರಿಗೂ ಏನೂ ಆಗಲಿಲ್ಲ.

ತಪ್ಪು ನಮ್ಮದೇ. ನೀರು ಇನ್ನಷ್ಟು ಶುದ್ಧವಾಗಲೆಂದು ಹಿಂದಿನ ವಾರವಷ್ಟೇ ದೊಡ್ಡ ಪಂಪ್ ತಂದಿದ್ದೆವು. ತೊಟ್ಟಿಯ ನೀರು ಓವರ್‌ಫ್ಲೋ ಪೈಪಿನಲ್ಲಿ ತನ್ನ ಭಾರದಿಂದಲೇ ಕೆಳಗಿನ ಸಂಪಿಗೆ ಇಳಿಯುತ್ತದೆ. ಪಂಪ್ ಅದನ್ನು ಮೇಲೇರಿಸುತ್ತದೆ. ಏರಿಸುವ ಬಲವನ್ನು ದುಡ್ಡು ಕೊಟ್ಟು ಹೆಚ್ಚಿಸಬಹುದು. ಇಳಿಯುವುದಕ್ಕೆ ಮಾತ್ರ ಪೈಪಿನ ಅಗಲವೇ ಮಿತಿ. ನಮ್ಮಲ್ಲಿ ಎರಡೂ ಸರಿಸಮವಾಗಿದ್ದವು. ಒಂದು ಎಲೆ ಜಾಲರಿಗೆ ಅಡ್ಡ ಬಂದದ್ದೇ ಸಾಕಾಯಿತು.

ಆದ್ದರಿಂದ ಮೊದಲು ಓವರ್‌ಫ್ಲೋ ನೋಡಿ, ಆಮೇಲೆ ಪಂಪ್ ಆರಿಸಿ. ಪೆಟ್ಟಿಗೆಯ ಮೇಲಿನ ಲೆಕ್ಕ ನೀರನ್ನು ಎತ್ತರಕ್ಕೆ ಏರಿಸದಿದ್ದಾಗಿನದು. ಎತ್ತರ ಹೆಚ್ಚಿದಷ್ಟೂ ನೀರು ಕಡಿಮೆ. ಪಂಪಿನ ಪೈಪನ್ನು ತೊಟ್ಟಿಯ ಎತ್ತರದಲ್ಲೇ ಹಿಡಿದು ಬಕೆಟ್ಟಿಗೆ ಬಿಡಿ. 20 ಲೀಟರ್ 48 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 1500 ಲೀಟರ್. ಓವರ್‌ಫ್ಲೋ ಇದಕ್ಕಿಂತ ಸಾಕಷ್ಟು ಹೆಚ್ಚು ನೀರು ಇಳಿಸುವಂತಿರಬೇಕು. ಪಂಪ್ ಜೋರಾದರೆ ನೀರು ಹೊರಬರುವ ಕಡೆ ವಾಲ್ವ್ ಹಾಕಿ ತಗ್ಗಿಸಿ. ಒಳಹೋಗುವ ಕಡೆ ಕಟ್ಟಬೇಡಿ.

ಇನ್ನು ಎರಡು ಪರೀಕ್ಷೆಗಳು, ಪಕ್ಕದಲ್ಲೇ ನಿಂತು ಮಾಡಿ. ಒಂದು, ಪಂಪ್ ನಿಲ್ಲಿಸಿ ನೋಡಿ. ಕರೆಂಟ್ ಹೋದಾಗ ಆಗುವುದೂ ಇದೇ. ತೊಟ್ಟಿಯ ನೀರು ಸ್ವಲ್ಪ ಕೆಳಗಿಳಿಯುತ್ತದೆ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 5 ಸೆಂ.ಮೀ. ಇಳಿದರೆ 27 ಲೀಟರ್! ಅಷ್ಟಕ್ಕೂ, ಪೈಪುಗಳಲ್ಲಿರುವ ನೀರಿಗೂ ಸಂಪಿನಲ್ಲಿ ಖಾಲಿ ಜಾಗವಿರಲಿ. ಎರಡು, ಓವರ್‌ಫ್ಲೋ ಮುಚ್ಚಿ ಪಂಪ್ ಓಡಿಸಿ. ಪಂಪಿರುವ ಕೋಣೆಯ ನೀರೆಲ್ಲ ಮೇಲೇರಿದರೂ ತೊಟ್ಟಿ ತುಳುಕಬಾರದು. ನೀರು ತಳಮುಟ್ಟುವ ಮೊದಲೇ ಪಂಪ್ ಆಫ್ ಮಾಡಿ. ಒಣಗಿ ಓಡಿದರೆ ಕೆಡುತ್ತದೆ.

ವಾರಕ್ಕೊಮ್ಮೆ ಜಾಲರಿ ತೊಳೆಯಿರಿ. ಪಂಪಿನ ವೈರು ಪ್ಲಗ್ಗಿಗಿಂತ ಕೆಳಗೆ ಬಾಗಿ ಮೇಲೇರಲಿ. ಹನಿಗಳು ಅಲ್ಲೇ ಉದುರುತ್ತವೆ.

ನಮ್ಮಲ್ಲೀಗ ಮತ್ತೆ ಹಳೆಯ ಸಣ್ಣ ಪಂಪೇ ಓಡುತ್ತಿದೆ. ಮೀನುಗಳು ಆರಾಮಾಗಿವೆ. ಮನೆ ಬಿಟ್ಟು ಹೊರಡುವಾಗ ನಮಗೂ ನೆಮ್ಮದಿ.