ಗದ್ದೆಯಿಲ್ಲದೆ ಚಿತ್ತಾರವೇ?

ಸಾಗರದ ಕಡೆ ಬಂದವರಿಗೆ ಈಗ ಹಸೆ ಚಿತ್ತಾರವನ್ನು ಹುಡುಕಿಕೊಂಡು ಹೋಗುವ ಶ್ರಮವಿಲ್ಲ. ಹೋಂಸ್ಟೇಗಳ ಗೋಡೆಯ ಮೇಲೆ, ಸಮಾರಂಭದ ವೇದಿಕೆಯ ಮೇಲೆ, ಅತಿಥಿಗಳಿಗೆ ಕೊಡುವ ಗಾಜಿನ ಚೌಕಟ್ಟಿನೊಳಗೆ ಅದು ತಾನಾಗಿಯೇ ಎದುರಾಗುತ್ತದೆ. ಇದನ್ನು ತೋರಿಸಿ 'ಮಲೆನಾಡಿನ ಸಂಸ್ಕೃತಿ ಉಳಿಯಿತು' ಎಂದು ಭಾಷಣ ಮಾಡುವವರನ್ನು ಕೇಳಿದಾಗ, ಸುಳ್ಳು ಹೇಳಬಾರದು, ನನಗೆ ಸಿಟ್ಟು ಬರುತ್ತದೆ.

ಚಿತ್ತಾರ ಯಾವುದರಿಂದ ಆಗುತ್ತದೆಂಬುದನ್ನು ಒಮ್ಮೆ ಯೋಚಿಸಿ. ಬಿಳಿ ಬಣ್ಣವೆಂದರೆ ನೆನೆಸಿ ಅರೆದ ಅಕ್ಕಿ. ಕಪ್ಪೆಂದರೆ ಸೀಯುವಂತೆ ಹುರಿದ ಅಕ್ಕಿ. ಕೆಂಪು ಕೆಮ್ಮಣ್ಣಿನದು, ಹಳದಿ ಗುರಿಗೆಯದು. ಕುಂಚ ಪುಂಡಿಯ ನಾರು. ಇದನ್ನು ಬರೆಯುತ್ತ ಬಂದವರು ದೀವರ ಹೆಂಗಸರು: ಮದುವೆಗೆ ಹಸೆಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ. ಆಶ್ವಯುಜದ ಆ ಹೊತ್ತಿಗೆ ಬತ್ತ ಹೊಡೆಯಾಗಿರುತ್ತದೆ, ಭೂಮಿತಾಯಿ ಬಸುರಿ. ಕಡುಬು, ಬೆರಕೆ ಸೊಪ್ಪಿನ ಪಲ್ಯ ಮುಂತಾದ ಬಯಕೆಯ ಅಡುಗೆಯನ್ನು ಆ ಬುಟ್ಟಿಯಲ್ಲಿ ಹೊತ್ತು, ಇನ್ನೂ ಕತ್ತಲಿರುವಾಗಲೇ ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ. ಬುಟ್ಟಿ ಇರುವುದು ಗದ್ದೆಗೆ ಉಣಿಸುವುದಕ್ಕಾಗಿ, ಷೋಕೇಸಿಗಾಗಿ ಅಲ್ಲ.

ಆ ಗದ್ದೆಯಾದರೂ ಈ ಜನರಿಗೆ ಸುಮ್ಮನೆ ಸಿಕ್ಕಿತೇ? ಒಡೆಯರು ಗೇಣಿ ಬತ್ತವನ್ನು ದೊಡ್ಡ ಕೊಳಗದಲ್ಲಿ ಅಳೆಯುತ್ತಿದ್ದುದರ ವಿರುದ್ಧ ಕಾಗೋಡಿನ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಹೂಡಿದರು. ಅವರಲ್ಲಿ ಬಹುಪಾಲು ದೀವರೇ. ಲೋಹಿಯಾ ಅವರೂ ಇಲ್ಲಿಗೆ ಬಂದು ಬಂಧಿತರಾದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಎಷ್ಟೋ ಊರುಗಳ ಗದ್ದೆಯನ್ನು ನುಂಗಿತು. ಉಳುವವನಿಗೆ ಹೊಲ ಖಚಿತವಾದದ್ದು 1974ರ ತಿದ್ದುಪಡಿ ಕಾಯಿದೆಯ ಮೇಲೆ. ಗೋಡೆಯ ಚಿತ್ತಾರದ ಕೆಳಗೆ 'ಮಲೆನಾಡಿನ ಸಾಂಪ್ರದಾಯಿಕ ಕಲೆ' ಎಂದಷ್ಟೇ ಬರೆದು ದೀವರ ಹೆಸರನ್ನೇ ನುಂಗುವುದು ಈ ಕಥೆಯೆಲ್ಲವನ್ನೂ ಒರೆಸಿಹಾಕಿದಂತೆ.

ಚಿತ್ತಾರದಿಂದ ಹೆಣ್ಣುಮಕ್ಕಳು ನಾಲ್ಕು ಕಾಸು ಸಂಪಾದಿಸಿದರೆ ನಿಮಗೇನು ಸಂಕಟ ಎಂದು ಕೇಳುವವರಿದ್ದಾರೆ. ಸಂಕಟವಿಲ್ಲ, ಇನ್ನೂ ಹೆಚ್ಚು ಸಂಪಾದಿಸಲಿ. ನನ್ನ ತಕರಾರು ಬೇರೆ. ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿರುವುದನ್ನು ನೋಡಿಯೂ ನೋಡದವರಂತೆ, ಗೋಡೆಯ ಬಣ್ಣವನ್ನೇ ಸಂಸ್ಕೃತಿಯೆನ್ನುತ್ತಿದ್ದೇವಲ್ಲ, ಅದರ ಬಗ್ಗೆ. ಇದನ್ನು ಹೇಳುವ ನಾನೂ ಸಾಚಾ ಅಲ್ಲ. ನಮ್ಮ ಮನೆಯ ಕೆಳಗಣ ಗದ್ದೆಗೆ ಅಡಿಕೆ ಸಸಿ ಇಡಿಸಿದವನು ನಾನೇ. ಆಳು ಸಿಗಲಿಲ್ಲ, ಮಂಗನ ಕಾಟ, ಬತ್ತಕ್ಕೆ ಬೆಲೆಯಿಲ್ಲ ಎಂಬ ಕಾರಣಗಳೆಲ್ಲ ನನ್ನಲ್ಲಿಯೂ ಇದ್ದವು, ನಿಜವೂ ಆಗಿದ್ದವು. ಆದುದರಿಂದ ಬಡ ಬೆಳೆಗಾರನಿಗೆ ಬತ್ತವನ್ನೇ ಬೆಳೆ ಎಂದು ಉಪದೇಶಿಸುವ ಯೋಗ್ಯತೆ ನನಗಿಲ್ಲ.

ಆದರೆ ಸಂಸ್ಕೃತಿಯ ಹೆಸರಿನಲ್ಲಿ ಉತ್ಸವ ನಡೆಸುವವರನ್ನು, ಅದೇ ಹೆಸರಿನಲ್ಲಿ ಕೋಣೆ ಬಾಡಿಗೆ ಪಡೆಯುವವರನ್ನು ಕೇಳಬಲ್ಲೆ. ಆ ಹಣದಲ್ಲಿ ಒಂದು ಪಾಲು ಬತ್ತ ಬೆಳೆಯುವವನ ನಷ್ಟಕ್ಕೆ ಏಕೆ ಹೋಗಬಾರದು? ಅವನ ಬತ್ತವನ್ನು ಒಳ್ಳೆಯ ಬೆಲೆಗೆ ಕೊಂಡು ಅತಿಥಿಗಳಿಗೆ ಏಕೆ ಬಡಿಸಬಾರದು? ಈ ಮಾತನ್ನು ಪರಿಚಯದ ಒಬ್ಬ ಹೋಂಸ್ಟೇ ಮಾಲೀಕರಲ್ಲಿ ಆಡಿದೆ. 'ಮೇಷ್ಟ್ರೇ, ಒಳ್ಳೆ ಐಡಿಯಾ' ಎಂದು ನಕ್ಕು, ಒಳಗೆ ಕರೆದೊಯ್ದು ಹೊಸದಾಗಿ ಕೊಂಡ ಭೂಮಣ್ಣಿ ಬುಟ್ಟಿಯನ್ನು ತೋರಿಸಿದರು. ಅದರ ತುಂಬ ಪ್ಲಾಸ್ಟಿಕ್ ಹೂವುಗಳಿದ್ದವು.